ಪಾರ್ಶ್ವವಾಯುವಿನ ನಂತರದ ಸನ್ನಿ: ಅಪಾಯದ ಮುನ್ನಂದಾಜು

ಪಾರ್ಶ್ವವಾಯು ಬಡಿದ ಮೊದಲ ಕೆಲವು ದಿನಗಳಲ್ಲಿ ರೋಗಿಯ ಎಚ್ಚರ ಮತ್ತು ಗಮನ ಏಕಾಏಕಿ ಕದಡಿ, ಒಂದೇ ದಿನದಲ್ಲಿ ಹಲವು ಸಲ ಏರಿಳಿಯುವ ಸ್ಥಿತಿಯೇ ಪಾರ್ಶ್ವವಾಯುವಿನ ನಂತರದ ಸನ್ನಿ. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಇದು ಹುಚ್ಚಲ್ಲ, ಅರಳುಮರಳೂ ಅಲ್ಲ. ಅರಳುಮರಳು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಸನ್ನಿ ಗಂಟೆಗಳಲ್ಲಿ ಬರುತ್ತದೆ, ಮೂಲ ಕಾರಣ ಸರಿಹೋದರೆ ಬಹಳಷ್ಟು ಮಂದಿಯಲ್ಲಿ ಇಳಿಯುತ್ತದೆ. 2019ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆ 32 ಅಧ್ಯಯನಗಳನ್ನು ಒಟ್ಟುಗೂಡಿಸಿ, ಆಸ್ಪತ್ರೆಗೆ ಸೇರಿದ ಪಾರ್ಶ್ವವಾಯು ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸನ್ನಿ ಬರುತ್ತದೆ ಎಂದು ಲೆಕ್ಕ ಹಾಕಿದೆ. 2012ರ ಇನ್ನೊಂದು ವಿಶ್ಲೇಷಣೆಯ ಪ್ರಕಾರ ಸನ್ನಿ ಬಂದವರು ಆಸ್ಪತ್ರೆಯಲ್ಲೇ ತೀರಿಕೊಳ್ಳುವ ಸಂಭವ ಬಾರದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಅವರ ಆಸ್ಪತ್ರೆ ವಾಸವೂ ಸರಾಸರಿ ಒಂಬತ್ತು ದಿನ ದೀರ್ಘ. ಯಾರಿಗೆ ಬರಬಹುದು ಎಂದು ಮೊದಲ ದಿನವೇ ಅಂದಾಜು ಮಾಡಬೇಕೆಂಬ ಹಟ ಹುಟ್ಟಿದ್ದು ಈ ಅಂಕಿಗಳಿಂದ.

ಈ ಲೇಖನ ಆ ಅಂದಾಜಿನ ವಿಧಾನಗಳನ್ನು ಪರಿಚಯಿಸುತ್ತದೆ. ಜೊತೆಗೆ, ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ, ಮುಖ್ಯವಾಗಿ ಶಿರಸಿ–ಯಲ್ಲಾಪುರ ರಸ್ತೆಯ ಮಂಚಿಕೇರಿಯಂಥ ಊರಿನಲ್ಲಿ, ಅವು ಎಷ್ಟರ ಮಟ್ಟಿಗೆ ನಡೆಯುತ್ತವೆ ಎಂಬುದನ್ನು ನೋಡುತ್ತದೆ.

ಲಕ್ಷಣ

ಸನ್ನಿಗೆ ಎರಡು ಮುಖ. ಒಂದು ಎಲ್ಲರ ಕಣ್ಣಿಗೂ ಬೀಳುವಂಥದ್ದು: ರೋಗಿ ಬಡಬಡಿಸುತ್ತಾನೆ, ಮೂಗಿನ ನಳಿಗೆ ಕಿತ್ತೆಸೆಯುತ್ತಾನೆ, ಮಂಚದಿಂದ ಇಳಿದು ಮನೆಗೆ ಹೊರಡುತ್ತಾನೆ. ಇನ್ನೊಂದು ಮಂಪರಿನ ಸನ್ನಿ: ರೋಗಿ ಸುಮ್ಮನೆ ಮಲಗಿರುತ್ತಾನೆ, ಕೂಗಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾನೆ, ಅನ್ನ ಬಾಯಲ್ಲೇ ಇಟ್ಟುಕೊಂಡಿರುತ್ತಾನೆ. ಎರಡನೆಯದನ್ನು ಮನೆಯವರು ‘ಪಾಪ, ಸುಸ್ತು’ ಎಂದುಕೊಳ್ಳುತ್ತಾರೆ, ವಾರ್ಡಿನವರು ‘ತೊಂದರೆ ಕೊಡದ ರೋಗಿ’ ಎಂದು ಖುಷಿಪಡುತ್ತಾರೆ. ಹೆಚ್ಚು ತಪ್ಪಿಹೋಗುವುದು ಇದೇ. ಹಲವರಲ್ಲಿ ಎರಡೂ ಬೆರೆತಿರುತ್ತವೆ.

ಏರಿಳಿತವೇ ಇದರ ಗುರುತು. ಬೆಳಗಿನ ರೌಂಡ್ಸಿಗೆ ಬಂದ ಡಾಕ್ಟರರಿಗೆ ಅಜ್ಜ ಹೆಸರು, ಊರು ಎಲ್ಲ ಸರಿಯಾಗಿ ಹೇಳುತ್ತಾನೆ. ಕತ್ತಲಾಗುತ್ತಿದ್ದಂತೆ ಗ್ಲೂಕೋಸ್ ಬಾಟಲಿ ತೂಗಿದ ಕಂಬವನ್ನೇ ದಿಟ್ಟಿಸಿ, ಪಕ್ಕದಲ್ಲಿ ಕೂತ ಹೆಂಡತಿಯ ಹತ್ತಿರ ‘ಕೊನೆಗೌಡ ಬಂದ್ನ?’ ಎಂದು ಕೇಳುತ್ತಾನೆ. ಅಡಿಕೆ ಕೊನೆ ಇಳಿಸುವವನು ಆಸ್ಪತ್ರೆಗೇಕೆ ಬರುತ್ತಾನೆ? ಮರುದಿನ ಬೆಳಿಗ್ಗೆ ಅದೇ ಡಾಕ್ಟರಿಗೆ ಅಜ್ಜಿ ಇದನ್ನು ಹೇಳದಿದ್ದರೆ ಕೇಸ್ ಶೀಟಿನಲ್ಲಿ ‘ಪ್ರಜ್ಞೆ ಸರಿಯಿದೆ’ ಎಂದೇ ಉಳಿಯುತ್ತದೆ. ಹೀಗಾಗಿ ದಿನಕ್ಕೊಮ್ಮೆ ನೋಡಿ ಸನ್ನಿ ಇಲ್ಲ ಎಂದು ಬರೆಯುವುದಕ್ಕೆ ಅರ್ಥವಿಲ್ಲ.

ಕಾರಣಗಳು

ಮಿದುಳಿನಲ್ಲಿ ಗಮನವನ್ನು ಹಿಡಿದಿಡುವ ಜಾಲ ವಿಶಾಲವಾಗಿ ಹರಡಿದೆ. ಥಲಾಮಸ್, ಮುಂಭಾಗದ ಮತ್ತು ಬಲ ಪಾರ್ಶ್ವದ ತೊಗಟೆ ಅದರ ಮುಖ್ಯ ಗಂಟುಗಳು. ಮಿದುಳಿನ ಬಲಭಾಗದ ಮಧ್ಯ ರಕ್ತನಾಳ ಕಟ್ಟಿಕೊಂಡಾಗ ಕೈಕಾಲು ಅಷ್ಟಾಗಿ ಸೋಲದಿದ್ದರೂ ರೋಗಿ ದಿಢೀರನೆ ಗೊಂದಲಕ್ಕೆ ಬೀಳಬಹುದೆಂದು ಮಾರ್ಸೆಲ್ ಮೆಸುಲಮ್ ಮತ್ತು ಸಂಗಡಿಗರು 1976ರಲ್ಲಿ ವಿವರಿಸಿದರು. ನಂತರದ ಅಧ್ಯಯನಗಳೂ ಬಲ ಮಿದುಳಿನ ಪೆಟ್ಟಿಗೂ ಸನ್ನಿಗೂ ನಂಟು ಕಂಡಿವೆ. ಅಸಿಟೈಲ್‌ಕೋಲಿನ್ ಎಂಬ ನರವಾಹಕ ತಗ್ಗುವುದು, ಡೋಪಮಿನ್ ಹೆಚ್ಚುವುದು, ದೇಹದ ಉರಿಯೂತ ಮಿದುಳನ್ನು ಮುಟ್ಟುವುದು, ಇವು ಇಂದು ಚರ್ಚೆಯಲ್ಲಿರುವ ವಿವರಣೆಗಳು.

ಆದರೆ ಪೆಟ್ಟೊಂದೇ ಸಾಲದು. ಅಮೆರಿಕದ ವೈದ್ಯೆ ಶರಾನ್ ಇನೂಯೆ 1990ರ ದಶಕದಲ್ಲಿ ಕಟ್ಟಿದ ಸರಳ ಚೌಕಟ್ಟು ಇಂದಿಗೂ ಎಲ್ಲರ ಆಧಾರ. ರೋಗಿ ಬರುವಾಗಲೇ ಹೊತ್ತು ತಂದ ದೌರ್ಬಲ್ಯ ಒಂದು ಕಡೆ, ಆಸ್ಪತ್ರೆಯಲ್ಲಿ ಬಂದು ಸೇರುವ ಹೊಡೆತ ಇನ್ನೊಂದು ಕಡೆ. ದೌರ್ಬಲ್ಯ ಹೆಚ್ಚಿದ್ದಷ್ಟೂ ಸಣ್ಣ ಹೊಡೆತ ಸಾಕು. ನಲವತ್ತರ ಗಟ್ಟಿ ಆಳಿಗೆ ದೊಡ್ಡ ರಕ್ತಸ್ರಾವವೇ ಬೇಕಾದೀತು. ಎಂಬತ್ತೈದರ, ಕಿವಿ ಮಂದವಾದ, ನೆನಪು ಜಾರುತ್ತಿರುವ ಅಜ್ಜಿಗೆ ಮೂತ್ರದ ಸೋಂಕೋ ಒಂದು ನಿದ್ದೆ ಮಾತ್ರೆಯೋ ಸಾಕು.

ಅಪಾಯ ಹೆಚ್ಚಿಸುವ ಅಂಶಗಳು

ನೆದರ್ಲೆಂಡ್ಸಿನ ಟಿಲ್‌ಬರ್ಗ್‌ನಲ್ಲಿ ಒಲ್ಡೆನ್‌ಬ್ಯೂವಿಂಗ್ ಮತ್ತು ಸಂಗಡಿಗರು 527 ಪಾರ್ಶ್ವವಾಯು ರೋಗಿಗಳನ್ನು ಮೊದಲ ವಾರವಿಡೀ ಗಮನಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಸನ್ನಿ ಕಂಡದ್ದು ಶೇ 11.8 ಮಂದಿಗೆ. ಮೊದಲೇ ಇದ್ದ ಮರೆವು, ಸೋಂಕು, ಬಲ ಗೋಳಾರ್ಧದ ಪೆಟ್ಟು, ಮಿದುಳಿನ ಮುಂಭಾಗಕ್ಕೆ ರಕ್ತ ಒಯ್ಯುವ ದೊಡ್ಡ ನಾಳದ ತಡೆ, ಪಾರ್ಶ್ವವಾಯುವಿನ ತೀವ್ರತೆ, ಮಿದುಳು ಕುಗ್ಗಿರುವುದು: ಇವು ಅಪಾಯದ ಗುರುತುಗಳೆಂದು ಅವರು ಹೇಳಿದರು. ತೀವ್ರತೆಯನ್ನು ಅಳೆಯುವುದು ಎನ್‌ಐಎಚ್‌ಎಸ್‌ಎಸ್ ಎಂಬ 0ರಿಂದ 42ರ ಅಳತೆಯಲ್ಲಿ. ಇತರ ಅಧ್ಯಯನಗಳು ವಯಸ್ಸು, ಮಿದುಳಿನ ರಕ್ತಸ್ರಾವ, ನುಂಗುವ ತೊಂದರೆ, ದೃಷ್ಟಿ ಮತ್ತು ಶ್ರವಣದ ಕೊರತೆಗಳನ್ನು ಸೇರಿಸಿವೆ.

ಆಸ್ಪತ್ರೆಯೊಳಗೆ ಸೇರುವ ಹೊಡೆತಗಳ ಪಟ್ಟಿ ಉದ್ದ, ಮತ್ತು ಅದರಲ್ಲಿ ಹೆಚ್ಚಿನವು ನಮ್ಮ ಕೈಯಲ್ಲೇ ಇರುವಂಥವು. ಹೊಟ್ಟೆಗೆ ಹೋಗಬೇಕಾದ ಗಂಜಿ ಶ್ವಾಸಕೋಶಕ್ಕೆ ಇಳಿದು ಬರುವ ನ್ಯುಮೋನಿಯಾ, ಮೂತ್ರದ ನಳಿಗೆ ಮತ್ತು ಅದರಿಂದಾಗುವ ಸೋಂಕು, ನೀರು ಸಾಲದಿರುವುದು, ರಕ್ತದ ಸೋಡಿಯಂ ಇಳಿಯುವುದು, ಮಲಬದ್ಧತೆ, ಹೇಳಲಾಗದ ನೋವು, ರಾತ್ರಿಯಿಡೀ ಉರಿಯುವ ದೀಪ, ಕೈಕಾಲು ಕಟ್ಟಿಹಾಕುವುದು. ಸೋಡಿಯಂ ವಿಷಯ ಎತ್ತಿ ಹೇಳಬೇಕಾದದ್ದು: ಬಿ.ಪಿ.ಗೆಂದು ನೀರಿನ ಮಾತ್ರೆ ನುಂಗುವ ಹಿರಿಯರಲ್ಲಿ, ಅದರಲ್ಲೂ ಉಪ್ಪು ಪೂರ್ತಿ ಬಿಟ್ಟವರಲ್ಲಿ, ಅದು ಸದ್ದಿಲ್ಲದೆ ಕುಸಿದಿರುತ್ತದೆ. ಔಷಧಗಳಲ್ಲಿ ಡಯಾಜೆಪಾಮ್ ಜಾತಿಯ ನಿದ್ದೆ ಗುಳಿಗೆ, ಅಮಿಟ್ರಿಪ್ಟಿಲಿನ್, ಶೀತ–ತುರಿಕೆಗೆ ಕೊಡುವ ಕ್ಲೋರ್‌ಫೆನಿರಮಿನ್, ಫೆನಿರಮಿನ್ ಮುಖ್ಯ ಆರೋಪಿಗಳು. ‘ರಾತ್ರಿ ಕಿರಿಕಿರಿ ಮಾಡ್ತಾರೆ, ಒಂದು ಇಂಜೆಕ್ಷನ್ ಕೊಡಿ’ ಎಂದು ಮನೆಯವರೇ ಬೇಡುವುದುಂಟು. ಆ ಇಂಜೆಕ್ಷನ್ನೇ ಮರುದಿನದ ಮಂಪರಿಗೆ ಕಾರಣವಾದೀತು.

ನಿಂತುಹೋದ ಚಟವೂ ಲೆಕ್ಕಕ್ಕೆ ಬರಬೇಕು. ಕುಡಿತ ಅಭ್ಯಾಸವಾದವರಲ್ಲಿ ಎರಡು–ಮೂರು ದಿನ ಬಿಟ್ಟು ಕಾಣಿಸುವ ಸನ್ನಿ ಬೇರೆಯೇ ಬಗೆಯದು. ಅದರ ಚಿಕಿತ್ಸೆಗೆ ಮಾತ್ರ ಡಯಾಜೆಪಾಮ್ ಬಗೆಯ ಔಷಧ ಬೇಕೇಬೇಕು. ಘಟ್ಟದ ಮೇಲೆ ಇದಕ್ಕಿಂತ ಸಾಮಾನ್ಯವಾದದ್ದು ಕವಳ. ದಿನಕ್ಕೆ ಹತ್ತು ಬಾರಿ ಎಲೆ, ಅಡಿಕೆ, ಸುಣ್ಣ, ತಂಬಾಕು ಹಾಕುತ್ತಿದ್ದವರಿಗೆ ಐಸಿಯುಗೆ ಹೊಕ್ಕ ಗಳಿಗೆಯಿಂದ ಎಲ್ಲವೂ ಬಂದ್. ತಂಬಾಕಿನ ನಿಕೋಟಿನ್ ಒಮ್ಮೆಲೆ ನಿಲ್ಲುವುದು ಚಡಪಡಿಕೆಗೂ ನಿದ್ದೆಗೇಡಿಗೂ ಕಾರಣವಾಗುತ್ತದೆ. ದಾಖಲಾತಿಯ ಹಾಳೆಯಲ್ಲಿ ‘ಧೂಮಪಾನ ಇಲ್ಲ’ ಎಂದು ಬರೆದು ಮುಗಿಸಿದರೆ ಈ ಸಂಗತಿ ಹೊರಗೇ ಉಳಿಯುತ್ತದೆ.

ಅಂಕ ಹಾಕುವ ಮಾದರಿಗಳು

ಮುನ್ನಂದಾಜಿನ ಮಾದರಿ ಎಂದರೆ ಮೊದಲ ದಿನ ಸಿಗುವ ಕೆಲವು ಮಾಹಿತಿಗಳಿಗೆ ತೂಕ ಕೊಟ್ಟು, ಕೂಡಿಸಿ, ಈ ರೋಗಿಗೆ ಸನ್ನಿ ಬರುವ ಸಂಭವ ಇಷ್ಟು ಎಂದು ಹೇಳುವ ಲೆಕ್ಕ. ಇನೂಯೆ 1993ರಲ್ಲಿ ಸಾಮಾನ್ಯ ವಾರ್ಡಿನ ವೃದ್ಧರಿಗಾಗಿ ಮಾಡಿದ್ದು ಈ ಸಾಲಿನ ಮೊದಮೊದಲಿನದು: ದೃಷ್ಟಿದೋಷ, ಕಾಯಿಲೆಯ ತೀವ್ರತೆ, ಮೊದಲಿನ ಮರೆವು, ರಕ್ತದಲ್ಲಿ ಯೂರಿಯಾ–ಕ್ರಿಯಾಟಿನಿನ್ ಅನುಪಾತ ತೋರಿಸುವ ನೀರಿನ ಕೊರತೆ. ನಾಲ್ಕೇ ಅಂಶ. ಐಸಿಯು ರೋಗಿಗಳಿಗಾಗಿ ನೆದರ್ಲೆಂಡ್ಸಿನಲ್ಲಿ 2012ರಲ್ಲಿ ಬಂದ ಪ್ರೀ-ಡೆಲಿರಿಕ್ ಹತ್ತು ಅಂಶಗಳನ್ನು ಕೇಳುತ್ತದೆ. ಪಾರ್ಶ್ವವಾಯುವಿಗೆಂದೇ ಮಾಡಿದ್ದರಲ್ಲಿ ಟಿಲ್‌ಬರ್ಗ್ ತಂಡದ 2014ರ ಮಾದರಿ ಹೆಸರಾದದ್ದು. ವಯಸ್ಸು, ತೀವ್ರತೆ, ಪಾರ್ಶ್ವವಾಯುವಿನ ಬಗೆ, ಸೋಂಕು ಅದರ ಬೆನ್ನೆಲುಬು. ಚೀನಾದಿಂದ ಇತ್ತೀಚೆಗೆ ಬರುತ್ತಿರುವ ಮಾದರಿಗಳು ಬಿಳಿ ರಕ್ತಕಣಗಳ ಅನುಪಾತದಂಥ ರಕ್ತ ಪರೀಕ್ಷೆಯ ಅಂಕಿಗಳನ್ನೂ, ಯಂತ್ರಕಲಿಕೆಯನ್ನೂ ಸೇರಿಸಿಕೊಂಡಿವೆ.

ಮಾದರಿ ಎಷ್ಟು ಒಳ್ಳೆಯದು ಎಂದು ಹೇಳಲು ಎರಡು ಪ್ರಶ್ನೆ. ಸನ್ನಿ ಬರುವವರಿಗೆ ಬಾರದವರಿಗಿಂತ ಹೆಚ್ಚು ಅಂಕ ಕೊಡುತ್ತದೆಯೇ? ಮತ್ತು ಶೇ 30 ಸಂಭವ ಎಂದು ಹೇಳಿದ ನೂರು ಜನರಲ್ಲಿ ನಿಜಕ್ಕೂ ಸುಮಾರು ಮೂವತ್ತು ಜನರಿಗೆ ಬರುತ್ತದೆಯೇ? ಮೊದಲನೆಯದರಲ್ಲಿ ಬಹುತೇಕ ಮಾದರಿಗಳು ಪಾಸು. ಎರಡನೆಯದರಲ್ಲಿ, ಹುಟ್ಟಿದ ಆಸ್ಪತ್ರೆ ಬಿಟ್ಟು ಬೇರೆ ಊರಿಗೆ ಹೋದೊಡನೆ, ಎಡವುವುದೇ ಹೆಚ್ಚು. ಟಿಲ್‌ಬರ್ಗ್‌ನಲ್ಲಿ ಶೇ 11.8 ಇದ್ದದ್ದು, ಒಟ್ಟು ಅಧ್ಯಯನಗಳ ಸರಾಸರಿಯಲ್ಲಿ ಶೇ 25. ಅರ್ಧಕ್ಕಿಂತ ಕಡಿಮೆ ಸನ್ನಿ ಕಂಡ ವಾರ್ಡಿನ ಲೆಕ್ಕವನ್ನು ಹಾಗೆಯೇ ಎತ್ತಿ ತಂದರೆ ನಮ್ಮ ರೋಗಿಯ ಅಪಾಯವನ್ನು ಅದು ಕಡಿಮೆ ಎಂದೇ ಹೇಳೀತು. ಈ ಬಗೆಯ ದೋಷಗಳನ್ನು ಜರಡಿ ಹಿಡಿಯಲು 2015ರಲ್ಲಿ ಟ್ರೈಪಾಡ್, 2019ರಲ್ಲಿ ಪ್ರೊಬ್ಯಾಸ್ಟ್ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಬಂದವು. ಅವುಗಳ ಕಣ್ಣಿನಿಂದ ನೋಡಿದರೆ ಪ್ರಕಟವಾದ ಮಾದರಿಗಳಲ್ಲಿ ಹೆಚ್ಚಿನವು ಹೊರಗಿನ ಪರೀಕ್ಷೆಗೆ ಒಡ್ಡಿಕೊಳ್ಳದವು.

ಹಾಸಿಗೆಯ ಪಕ್ಕದ ಪರೀಕ್ಷೆ

ಬರಬಹುದೆಂದು ಅಂದಾಜು ಮಾಡುವುದು ಬೇರೆ, ಬಂದಿದೆಯೇ ಎಂದು ಪತ್ತೆ ಮಾಡುವುದು ಬೇರೆ. ಎರಡನೆಯದು ಗಟ್ಟಿಯಿಲ್ಲದೆ ಮೊದಲನೆಯದಕ್ಕೆ ನೆಲೆಯಿಲ್ಲ. 1990ರಲ್ಲಿ ಬಂದ ಕ್ಯಾಮ್ ಎಂಬ ಪರೀಕ್ಷೆ, 2001ರಲ್ಲಿ ಅದರ ಐಸಿಯು ರೂಪ, ಆಮೇಲೆ ಎಡಿನ್‌ಬರೊದ ಅಲಸ್ಡೇರ್ ಮೆಕ್‌ಲುಲಿಖ್ ಮತ್ತು ಸಂಗಡಿಗರ 4ಎಟಿ ಹೆಚ್ಚು ಬಳಕೆಯಲ್ಲಿವೆ. 4ಎಟಿ ಉಚಿತ, ವಿಶೇಷ ತರಬೇತಿ ಬೇಡ, ಎರಡು ನಿಮಿಷ ಸಾಕು. ಎಚ್ಚರ ಅಸಹಜವಾಗಿದ್ದರೆ 4 ಅಂಕ. ವಯಸ್ಸು, ಹುಟ್ಟಿದ ದಿನ, ಇರುವ ಸ್ಥಳ, ವರ್ಷ ಕೇಳಿದಾಗಿನ ತಪ್ಪುಗಳಿಗೆ ಗರಿಷ್ಠ 2. ತಿಂಗಳುಗಳನ್ನು ಹಿಂದಿನಿಂದ ಹೇಳಲಾಗದಿದ್ದರೆ ಗರಿಷ್ಠ 2. ಏಕಾಏಕಿ ಬದಲಾವಣೆ ಅಥವಾ ಏರಿಳಿತ ಕಂಡಿದ್ದರೆ 4. ಒಟ್ಟು 12ರಲ್ಲಿ 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸನ್ನಿಯ ಶಂಕೆ. 2013ರಲ್ಲಿ ಸ್ಕಾಟ್ಲೆಂಡಿನ ಒಂದು ಪಾರ್ಶ್ವವಾಯು ಘಟಕದಲ್ಲಿ ಇದನ್ನು ಪರೀಕ್ಷಿಸಿದಾಗ ಸನ್ನಿ ಇದ್ದವರು ಯಾರೂ ತಪ್ಪಿಹೋಗಲಿಲ್ಲ, ಆದರೆ ಇಲ್ಲದವರಲ್ಲಿ ಶೇ 18 ಮಂದಿಗೂ ಗಂಟೆ ಹೊಡೆಯಿತು. ಅಂದರೆ ನೂರು ರೋಗಿಗಳಲ್ಲಿ 25 ಜನರಿಗೆ ಸನ್ನಿಯಿದ್ದರೆ, ಉಳಿದ 75ರಲ್ಲಿ ಹದಿಮೂರು–ಹದಿನಾಲ್ಕು ಜನರನ್ನು ವೈದ್ಯರು ಸುಮ್ಮನೆ ಇನ್ನೊಮ್ಮೆ ನೋಡಬೇಕಾಗುತ್ತದೆ. ಈ ಕೆಲಸದಲ್ಲಿ ಅದು ದುಬಾರಿ ಬೆಲೆಯೇನಲ್ಲ.

ಪಾರ್ಶ್ವವಾಯುವಿನಲ್ಲಿ ತೊಡಕೊಂದಿದೆ. ಎಡ ಮಿದುಳಿಗೆ ಪೆಟ್ಟಾಗಿ ಮಾತೇ ಹೋದವರನ್ನು ಪ್ರಶ್ನೆ ಕೇಳಿ ಪರೀಕ್ಷಿಸುವುದು ಹೇಗೆ? ಬಲ ಮಿದುಳಿನ ಪೆಟ್ಟಿನಿಂದ ಎಡಬದಿಯ ಜಗತ್ತೇ ಗಮನಕ್ಕೆ ಬಾರದವರು ಎಡಕ್ಕೆ ನಿಂತು ಕೇಳಿದ ಪ್ರಶ್ನೆಗೆ ಸುಮ್ಮನಿದ್ದರೆ ಅದು ಸನ್ನಿಯೇ? ಇಂಥಲ್ಲಿ ಅಂಕಕ್ಕಿಂತ ಕಾಲದ ಲೆಕ್ಕ ಹೆಚ್ಚು ನಂಬಿಕೆಯದು. ಮಾತು ಹೋದದ್ದು ಪಾರ್ಶ್ವವಾಯು ಬಡಿದ ಗಳಿಗೆಯಿಂದ ಹಾಗೆಯೇ ಇದ್ದರೆ ಅದು ಪೆಟ್ಟಿನ ಫಲ. ಮೂರನೇ ದಿನ ಸಂಜೆ ಗೊಂದಲ ಹೊಸದಾಗಿ ಬಂದು ಬೆಳಿಗ್ಗೆ ಇಳಿದರೆ ಸನ್ನಿ.

ಮಂಚಿಕೇರಿ ಸೀಮೆಯಲ್ಲಿ

ಮಂಚಿಕೇರಿ ಸುತ್ತಿನ ಅಡಿಕೆ ತೋಟದ ಮನೆಯಲ್ಲಿ ಒಬ್ಬರಿಗೆ ಲಕ್ವ ಹೊಡೆದರೆ ಸ್ಕ್ಯಾನಿಗಾಗಿ ಶಿರಸಿಗೋ ಹುಬ್ಬಳ್ಳಿಗೋ ಓಡಬೇಕು. ಯಲ್ಲಾಪುರದಿಂದ ಹುಬ್ಬಳ್ಳಿ ಸುಮಾರು 70 ಕಿ.ಮೀ. ಹೆಪ್ಪು ಕರಗಿಸುವ ಔಷಧಕ್ಕೆ ಇರುವ ಸಮಯ ನಾಲ್ಕೂವರೆ ಗಂಟೆ. ಅದರಲ್ಲಿ ಒಂದಿಷ್ಟು ಹೊತ್ತು ‘ಬೆಳಂಬಾರಕ್ಕೆ ಹೋಗೋಣವೋ ಹುಬ್ಬಳ್ಳಿಗೋ’ ಎಂಬ ಚರ್ಚೆಯಲ್ಲೇ ಕಳೆಯುತ್ತದೆ. ಅಂಕೋಲೆ ತಾಲ್ಲೂಕಿನ ಬೆಳಂಬಾರದ ನಾಟಿ ಔಷಧಕ್ಕೆ ಲಕ್ವದವರು ದೂರದೂರದಿಂದ ಹೋಗುವ ರೂಢಿ ಇದೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್‌ನಲ್ಲಿ ಅಪಘಾತಕ್ಕೀಡಾದ ಮೇಲೆ ಅದು ಮತ್ತೆ ಜೋರಾಯಿತು. ಸನ್ನಿಯ ದೃಷ್ಟಿಯಿಂದ ನೋಡಿದರೆ ಈ ಓಡಾಟವೇ ಒಂದು ಹೊಡೆತ: ನೀರು ಕುಡಿಯದೆ ಗಂಟೆಗಟ್ಟಲೆ ಪಯಣ, ಒಂದು ರಾತ್ರಿಯಲ್ಲಿ ಎರಡು–ಮೂರು ಆಸ್ಪತ್ರೆ, ಪ್ರತಿಸಲ ಹೊಸ ಮುಖ. ಗಡಿಬಿಡಿಯಲ್ಲಿ ಕನ್ನಡಕ, ಶ್ರವಣಯಂತ್ರ, ಕಟ್ಟಿಸಿದ ಹಲ್ಲು ಮನೆಯಲ್ಲೇ ಉಳಿದಿರುತ್ತವೆ.

ಇನ್ನು 4ಎಟಿಯ ಪ್ರಶ್ನೆಗಳು. ಹುಟ್ಟಿದ ದಿನ ಯಾವುದು? ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿರುವ ಹಿರಿಯರಿಗೆ ಅದು ತಮ್ಮ ಹುಟ್ಟಿದ ದಿನವೆಂದು ಅನ್ನಿಸಿಯೇ ಇಲ್ಲ. ವರ್ಷ ಯಾವುದು? 2025ರ ಯುಗಾದಿಯಿಂದ ಮುಂದಿನ ಯುಗಾದಿಯೊಳಗೆ ಕೇಳಿದ್ದರೆ ಪಂಚಾಂಗ ನೋಡುವ ಅಜ್ಜ ‘ವಿಶ್ವಾವಸು’ ಎನ್ನುತ್ತಿದ್ದ. ಉತ್ತರ ಪೂರ್ತಿ ಸರಿ, ಹೊಸ ನರ್ಸಿಗೆ ಅದು ಬಡಬಡಿಕೆ. ಡಿಸೆಂಬರ್‌ನಿಂದ ಹಿಂದಕ್ಕೆ ಹೇಳಿ ಎಂದರೆ ತಡವರಿಸುವವರು ಫಾಲ್ಗುಣ, ಮಾಘ, ಪುಷ್ಯ, ಮಾರ್ಗಶಿರ ಎಂದು ಸರಾಗ ಇಳಿಯಬಲ್ಲರು. ಶಾಲೆಯ ಮುಖ ಕಾಣದವರಿಗೆ ವಾರದ ದಿನಗಳನ್ನು ಹಿಂದಕ್ಕೆ ಹೇಳಿಸುವುದು ಉಚಿತ. ಮನೆಮಾತಿನ ತೊಡಕು ಇನ್ನೂ ದೊಡ್ಡದು: ಯಲ್ಲಾಪುರ ಸೀಮೆಯ ಸಿದ್ದಿಗಳು ಮನೆಯಲ್ಲಿ ಆಡುವುದು ಕೊಂಕಣಿ, ಗೌಳಿಗಳದು ಮರಾಠಿ ಬೆರೆತ ಮಾತು, ಹವ್ಯಕರದು ಹವಿಗನ್ನಡ. ನೋವು, ಗಾಬರಿಯಲ್ಲಿ ಬಾಯಿಗೆ ಬರುವುದು ಮನೆಮಾತು. ಹುಬ್ಬಳ್ಳಿಯ ಪಿ.ಜಿ. ವೈದ್ಯನಿಗೆ ಅರ್ಥವಾಗದ್ದೆಲ್ಲ ‘ಅಸಂಬದ್ಧ ಮಾತು’ ಆಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನ್ಯೂರೋಕಾಗ್ನಿಟಿವ್ ಟೂಲ್‌ಬಾಕ್ಸ್‌ನಲ್ಲಿ ಕನ್ನಡ ರೂಪವೂ ಇದೆ. ಅದು ಮರೆವಿನ ರೋಗಕ್ಕೆ ಸಿದ್ಧಪಡಿಸಿದ್ದಾದರೂ, ಪ್ರಶ್ನೆಗಳನ್ನು ಓದು–ಬರಹಕ್ಕೂ ಊರಿಗೂ ಒಗ್ಗಿಸುವುದು ಹೇಗೆಂಬುದಕ್ಕೆ ಮೇಲ್ಪಂಕ್ತಿಯಾಗಬಲ್ಲದು.

ಎಲ್ಲಕ್ಕಿಂತ ಮುಖ್ಯವಾದದ್ದು ಜೊತೆಗೆ ಬಂದವರ ಸಾಕ್ಷ್ಯ. ಪಾರ್ಶ್ವವಾಯುವಿಗೆ ಮೊದಲೇ ಮರೆವು ಇತ್ತೇ ಎಂಬುದು ಬಲವಾದ ಸೂಚನೆಗಳಲ್ಲಿ ಒಂದು. ಅದನ್ನು ರಕ್ತ ಪರೀಕ್ಷೆ ಹೇಳದು, ಮನೆಯವರೇ ಹೇಳಬೇಕು. ಆಸ್ಟ್ರೇಲಿಯಾದ ಆಂಟನಿ ಜಾರ್ಮ್ 1989ರಲ್ಲಿ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಐಕ್ಯೂಕೋಡ್ ಪ್ರಶ್ನಾವಳಿ ಕೇಳುವುದು ಇದನ್ನೇ: ಹತ್ತು ವರ್ಷದ ಹಿಂದಿಗೆ ಹೋಲಿಸಿದರೆ ಇವರು ಹಣದ ವ್ಯವಹಾರ, ಮನೆಯ ವಸ್ತು ಎಲ್ಲಿಟ್ಟದ್ದು, ಇತ್ತೀಚಿನ ಸಂಗತಿ ಎಷ್ಟು ನೆನಪಿಡುತ್ತಾರೆ? ಇಲ್ಲಿಯೇ ಇಂದಿನ ಮಲೆನಾಡಿನ ಸಂಕಟ. ಮಗ, ಸೊಸೆ ಬೆಂಗಳೂರಿನಲ್ಲಿ; ತೋಟದ ಮನೆಯಲ್ಲಿ ಇಬ್ಬರೇ ಮುದುಕರು. ಆಂಬುಲೆನ್ಸಿನಲ್ಲಿ ಜೊತೆಗೆ ಬಂದವನು ಪಕ್ಕದ ಮನೆಯವನೋ ತೋಟದ ಕೆಲಸದವನೋ ಆಗಿರುತ್ತಾನೆ. ಬೆಂಗಳೂರಿನಿಂದ ಬಂದಿಳಿದ ಮಗ ‘ಅಪ್ಪ ಪೂರ್ತಿ ಸರಿ ಇದ್ದ, ವಾರಕ್ಕೊಮ್ಮೆ ಫೋನ್ ಮಾಡ್ತಿದ್ದೆ’ ಎನ್ನುತ್ತಾನೆ. ಸೊಸೈಟಿಗೆ ಅಡಿಕೆ ಹಾಕಿ ಬಂದ ಲೆಕ್ಕವನ್ನು ಅಪ್ಪ ಎರಡು ವರ್ಷದಿಂದ ತಪ್ಪಿಸುತ್ತಿದ್ದ ಎಂಬುದು ಗೊತ್ತಿರುವುದು ಅಮ್ಮನಿಗೆ. ಅವಳು ಊರಲ್ಲಿ ದನ ನೋಡಿಕೊಂಡು ಉಳಿದಿರುತ್ತಾಳೆ. ಯಾವ ಮಾದರಿಯಾದರೂ ಇಂಥಲ್ಲಿ ತಪ್ಪು ಅಂಕವನ್ನೇ ಕೊಡುತ್ತದೆ. ದಾಖಲಾತಿಯ ಹೊತ್ತಿನಲ್ಲಿ ಮನೆಯಲ್ಲಿರುವವರಿಗೆ ಒಂದು ಫೋನ್ ಮಾಡಿ ಕೇಳುವುದು ಈ ಭಾಗದ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತ ತಪಾಸಣೆ.

ಇನ್ನೊಂದು ಎಚ್ಚರಿಕೆ ಸ್ಥಳೀಯವಾದದ್ದು. ಜ್ವರದೊಂದಿಗೆ ಬಂದ ಗೊಂದಲವೆಲ್ಲ ಪಾರ್ಶ್ವವಾಯುವಿನ ಸನ್ನಿಯಲ್ಲ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ ತಾಲ್ಲೂಕಿನಲ್ಲಿ ಬೇಸಿಗೆಯ ಆಸುಪಾಸು ಕಾಣಿಸಿಕೊಳ್ಳುತ್ತದೆ. ಅದರ ಎರಡನೇ ಹಂತದಲ್ಲಿ ಮಿದುಳಿನ ಲಕ್ಷಣಗಳು ಬರಬಹುದು.

ಅಂದಾಜಿನಿಂದ ಆಗಬೇಕಾದ್ದು

ಅಪಾಯ ಹೆಚ್ಚು ಎಂದು ಗೊತ್ತಾದ ಮೇಲೆ ಮಾಡಲು ಏನಾದರೂ ಇದ್ದರೆ ಮಾತ್ರ ಮುನ್ನಂದಾಜಿಗೆ ಬೆಲೆ. ಇದೆ. 1999ರಲ್ಲಿ ಇನೂಯೆ ತಂಡ 852 ವೃದ್ಧ ರೋಗಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಸನ್ನಿ ಶೇ 15ರಿಂದ ಶೇ 9.9ಕ್ಕೆ ಇಳಿಯಿತು. ಬಳಸಿದ್ದು ಹೊಸ ಔಷಧವಲ್ಲ: ದಿನ, ಸ್ಥಳ ನೆನಪಿಸುತ್ತ ಮಾತಾಡಿಸುವುದು, ಬೇಗ ಎಬ್ಬಿಸಿ ಓಡಾಡಿಸುವುದು, ಕನ್ನಡಕ ಮತ್ತು ಶ್ರವಣಯಂತ್ರ ಹಾಕಿಸುವುದು, ನೀರು ಕುಡಿಸುವುದು, ಗುಳಿಗೆಯಿಲ್ಲದೆ ನಿದ್ದೆ ಬರಿಸುವುದು. ಅವರು ಪಾರ್ಶ್ವವಾಯು ರೋಗಿಗಳೇ ಅಲ್ಲದಿದ್ದರೂ ತತ್ವ ಒಂದೇ. ಪಾರ್ಶ್ವವಾಯುವಿನಲ್ಲಿ ನುಂಗುವ ಪರೀಕ್ಷೆಯಾಗದೆ ಬಾಯಿಗೆ ಏನೂ ಹಾಕಬಾರದು ಎಂಬುದನ್ನು ಮಾತ್ರ ಸೇರಿಸಿಕೊಳ್ಳಬೇಕು. ಸನ್ನಿಯನ್ನು ಖಚಿತವಾಗಿ ತಡೆಯುವ ಮಾತ್ರೆ ಇಲ್ಲ. ಹ್ಯಾಲೋಪೆರಿಡಾಲ್‌ನಂಥವು ರೋಗಿ ತನಗೋ ಇತರರಿಗೋ ಅಪಾಯ ತಂದುಕೊಳ್ಳುವಾಗ, ಸಣ್ಣ ಪ್ರಮಾಣದಲ್ಲಿ, ಕೆಲವೇ ದಿನ.

ನಮ್ಮಲ್ಲಿ ಈ ಕೆಲಸಕ್ಕೆ ಒಂದು ಅನುಕೂಲವಿದೆ, ಒಂದು ಅಡ್ಡಿಯಿದೆ. ರೋಗಿಯ ಜೊತೆ ಯಾರಾದರೂ ಇದ್ದೇ ಇರುತ್ತಾರೆ; ಆದರೆ ಐಸಿಯು ಬಾಗಿಲಲ್ಲಿ ಅವರನ್ನು ಹೊರಗೆ ನಿಲ್ಲಿಸಲಾಗುತ್ತದೆ. ಮನೆಮಾತು ಬಲ್ಲ ಒಬ್ಬರನ್ನು ಸಂಜೆಯ ಹೊತ್ತು ಒಳಗೆ ಬಿಡುವುದು ಕೈ ಕಟ್ಟುವುದಕ್ಕಿಂತ ಒಳ್ಳೆಯ ಚಿಕಿತ್ಸೆ.

ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಪಾರ್ಶ್ವವಾಯು, ಮರೆವು ಮೊದಲಾದವುಗಳ ತರಬೇತಿ ಕೊಟ್ಟಿತು. ಆ ಬಗೆಯ ತರಬೇತಿಯಲ್ಲಿ ಸನ್ನಿಗೂ ಒಂದು ಪಾಠ ಸೇರಬೇಕು. ಸನ್ನಿ ಬಂದು ಇಳಿದವರಲ್ಲಿ ಮುಂದೆ ಮರೆವಿನ ರೋಗ ಕಾಣಿಸುವ ಸಂಭವ ಹೆಚ್ಚಿರುವುದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನು ಬರೆದು, ಕೆಲವು ತಿಂಗಳ ನಂತರ ನೆನಪಿನ ಪರೀಕ್ಷೆಗೆ ಕರೆಯಬೇಕು. ಘಟ್ಟದ ಮೇಲಿನ ತಾಲ್ಲೂಕು ಆಸ್ಪತ್ರೆಗಳಿಗೆ ಸದ್ಯ ಬೇಕಿರುವುದು ಹೊಸದೊಂದು ಅಂಕಪಟ್ಟಿಯಲ್ಲ. ಪ್ರತಿ ಪಾರ್ಶ್ವವಾಯು ರೋಗಿಗೆ ಮೊದಲ ವಾರ ಬೆಳಿಗ್ಗೆ–ಸಂಜೆ 4ಎಟಿ, ದಾಖಲಾದ ದಿನವೇ ಸೋಡಿಯಂ ಪರೀಕ್ಷೆ, ಮತ್ತು ಮನೆಯಲ್ಲಿ ಉಳಿದವರಿಗೆ ಒಂದು ಫೋನ್.